ಸ್ವಾನ್ಸಿಯಲ್ಲಿ ಬಾಗಿಸಿದ ಅಂಚುಗಳು

ಬಂದ ಮರುದಿನ ಬೆಳಿಗ್ಗೆ ಕಿಟಕಿ ತೆರೆದರೆ ಸಮುದ್ರವೇ ಇರಲಿಲ್ಲ! ಹಿಂದಿನ ರಾತ್ರಿ ರಸ್ತೆಯ ಕಟ್ಟೆಗೆ ಬಡಿಯುತ್ತಿದ್ದ ನೀರು ಎಲ್ಲೋ ಸರಿದುಹೋಗಿ, ಕಣ್ಣು ಹಾಯುವವರೆಗೆ ಬರೀ ಒದ್ದೆ ಮರಳು. ಗಾಬರಿಯಾಗಿ ಮನೆಯೊಡತಿ ಮೇಗನ್ ಅವರನ್ನು ಕರೆದೆ. "ಊಟದ ಹೊತ್ತಿಗೆ ವಾಪಸ್ ಬರುತ್ತೆ ಬಿಡು" ಎಂದು ಅವರು ನಕ್ಕರು. ನಮ್ಮ ಉಗಾರದಲ್ಲಿ ಕೃಷ್ಣೆ ಇಳಿಯಲು ತಿಂಗಳುಗಳು ಬೇಕು. ವೇಲ್ಸ್‌ನ ಈ ಊರಿಗೆ ಆರು ತಾಸು ಸಾಕು.

ಅದು ತೊಂಬತ್ತರ ದಶಕದ ಆರಂಭ. ನಾನು ಬಂದದ್ದು ಸಂಶೋಧನೆಗೆ. ರಸ್ತೆಯ ಫಲಕಗಳಲ್ಲಿ ಇಂಗ್ಲಿಷಿನ ಜೊತೆ ವೆಲ್ಷ್ ಕಂಡು ಖುಷಿಯಾಯಿತು. ನಿಪ್ಪಾಣಿ ಸಂತೆಯಲ್ಲಿ ಮರಾಠಿಯಲ್ಲಿ ದರ ಕೇಳಿ ಕನ್ನಡದಲ್ಲಿ ಚೌಕಾಸಿ ಮಾಡಿ ಬೆಳೆದವಳು ನಾನು. ಮೇಗನ್ ಕಲಿಸಿದ 'ಡಿಯೋಲ್ಖ್' ಎಂಬ ಮಾತನ್ನು, ಅಂದರೆ ಧನ್ಯವಾದವನ್ನು, ಬ್ರೆಡ್ಡಿನ ಅಂಗಡಿಯಲ್ಲಿ ಹೇಳಿದಾಗ ಅಲ್ಲಿನ ಮುದುಕಿ ಹೊರಗೆ ಬಂದು ನನ್ನ ಎರಡೂ ಕೈ ಹಿಡಿದುಕೊಂಡಳು. ಊಟ ಮಾತ್ರ ಸಪ್ಪೆ. ಬೇಯಿಸಿದ ಆಲೂಗಡ್ಡೆಗೆ ಶೇಂಗಾ ಚಟ್ನಿ ಉದುರಿಸಿಕೊಳ್ಳುತ್ತಿದ್ದೆ. ಮೇಗನ್ ತಾವೂ ತಟ್ಟೆ ಚಾಚಿದರು. ಕಣ್ಣಲ್ಲಿ ನೀರು ಬಂದರೂ ಮತ್ತೆ ಕೇಳಿದರು.

ನನ್ನ ಕೆಲಸ, ದುಂಡನೆಯ ಕಂಬದ ಸುತ್ತ ಗಾಳಿ ಹೇಗೆ ಹರಿಯುತ್ತದೆಂದು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು. ಅದಕ್ಕೆ ಕಂಬದ ಸುತ್ತಲಿನ ಜಾಗವನ್ನು ತುಂಡುಗಳಾಗಿ ಹಂಚಿ ಜಾಲ ಹೆಣೆಯಬೇಕು. ಉಳಿದವರ ಜಾಲದಲ್ಲಿ ನೇರ ಅಂಚಿನ ಸಾವಿರಾರು ಪುಟ್ಟ ತುಂಡುಗಳು. ನಮ್ಮದರಲ್ಲಿ ಕೆಲವೇ ದೊಡ್ಡ ತುಂಡುಗಳು, ಒಂದೊಂದರೊಳಗೂ ಬಲು ಸೂಕ್ಷ್ಮವಾದ ಗಣಿತ. ಆದರೆ ದೊಡ್ಡ ತುಂಡಿನ ಅಂಚು ನೇರವಾದರೆ ದುಂಡನೆಯ ಕಂಬಕ್ಕೆ ಮೂಲೆಗಳು ಬರುತ್ತವೆ. ಗಣಿತ ಆ ಮೂಲೆಗಳನ್ನೇ ನಂಬಿ, ಇಲ್ಲದ ಸುಳಿಗಳನ್ನು ತೋರಿಸುತ್ತದೆ.

ಕಂಬಕ್ಕೆ ತಾಗಿದ ಅಂಚುಗಳನ್ನು ಬಾಗಿಸಿದೆ. ಅಲ್ಲಿನ ತುಂಡುಗಳು ಉದ್ದವಿದ್ದರೂ ಪದರಗಳಂತೆ ತೀರ ತೆಳು. ಬಾಗಿದ ಅಂಚು ಎದುರಿನ ನೇರ ಅಂಚನ್ನೇ ದಾಟಿ ತುಂಡು ತಿರುವುಮುರುವಾಯಿತು, ಲೆಕ್ಕ ನಿಂತುಹೋಯಿತು. ವಾರಗಟ್ಟಲೆ ಇದೇ ಪಾಡು. "ಕ್ರಿಸ್‌ಮಸ್ಸಿನೊಳಗೆ ಆಗದಿದ್ದರೆ ಇದನ್ನು ಬಿಟ್ಟು ಹಳೆಯ ದಾರಿ ಹಿಡಿಯೋಣ" ಎಂದರು ಮಾರ್ಗದರ್ಶಕ ಗ್ವಿನ್.

ಆ ಭಾನುವಾರ ಬೀದಿಯ ಫೋನ್ ಬೂತಿನಿಂದ ಉಗಾರದ ಎಸ್‌ಟಿಡಿ ಅಂಗಡಿಗೆ ಫೋನ್ ಮಾಡಿ ಅಪ್ಪನನ್ನು ಕರೆಸಿದೆ. ಅಪ್ಪ ಸಕ್ಕರೆ ಕಾರ್ಖಾನೆಯಲ್ಲಿ ಉಗಿ ಪೈಪುಗಳ ಕೆಲಸದವನು.

"ದನಿ ಯಾಕ ಸಣ್ಣಗಾಗೇತಿ, ಶೋಭಾ?"

ಅಳು ತಡೆದುಕೊಂಡು ಎಲ್ಲ ಹೇಳಿದೆ. ಅಪ್ಪ ನಡುನಡುವೆ ಪ್ರಶ್ನೆ ಕೇಳಿದ. ಕೊನೆಗೆ, "ಅಲ್ಲವ್ವಾ, ಒಂದ ಪದರ ಅಷ್ಟ ಬಗ್ಗಿಸಿದ್ರ ಹೆಂಗ? ಪೈಪ್ ಬಾಗಿದ್ದಲ್ಲೆ ನಾವು ಶಾಖ ಹೋಗದಂಗ ಪದರ ಸುತ್ತತೇವಲ್ಲ, ಒಂದರ ಜೋಡಿ ಅದರ ಮ್ಯಾಗಿಂದೂ ಬಗ್ಗಬೇಕು. ಇಲ್ಲಂದ್ರ ಒಂದರಾಗ ಒಂದು ನಾಟತೈತಿ," ಅಂದ.

ಅಲ್ಲಿಂದ ಪ್ರಯೋಗಾಲಯಕ್ಕೆ ಓಡಿಯೇ ಹೋದೆ! ಕಂಬದ ಬಾಗನ್ನು ಒಂದೇ ಅಂಚಿಗೆ ಬಿಡದೆ ಹೊರಗಿನ ಪದರಗಳಿಗೂ ಹಂಚಿದೆ. ಹತ್ತಿರದ್ದಕ್ಕೆ ಹೆಚ್ಚು, ದೂರದ್ದಕ್ಕೆ ಕಡಿಮೆ. ಅದನ್ನು ಗಣಿತಕ್ಕೆ ಇಳಿಸಲು ಮೂರು ವಾರ ಹಿಡಿಯಿತು. ಕೊನೆಗೊಂದು ಮಧ್ಯಾಹ್ನ, ಕಂಪ್ಯೂಟರಿಗೆ ಜೋಡಿಸಿದ ನಕ್ಷೆ ಬರೆಯುವ ಯಂತ್ರದ ಪೆನ್ನು ಕಾಗದದ ಮೇಲೆ ಜಾಲ ಬರೆಯತೊಡಗಿತು. ಒಂದು ಗೆರೆಯೂ ಇನ್ನೊಂದನ್ನು ದಾಟಲಿಲ್ಲ. ಲೆಕ್ಕವೂ ನಿಲ್ಲದೆ ಮುಗಿಯಿತು. ಸುಳ್ಳು ಸುಳಿಗಳು ಮಾಯ! ನಾನು ಕನ್ನಡದಲ್ಲಿ ಕೂಗಿದೆನಂತೆ. ಗ್ವಿನ್ ಆ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, "ಈ ಉಪಾಯ ಯಾರದು?" ಎಂದರು.

"ನಮ್ಮಪ್ಪನದು" ಎಂದೆ.

ಕೂಡಲೇ ಮತ್ತೆ ಫೋನ್ ಮಾಡಿ ಅಪ್ಪನನ್ನು ಕರೆಸಿದೆ. "ಅಪ್ಪಾ, ಆತು! ನೀ ಹೇಳಿದಂಗ ಮಾಡೇನಿ, ಆತು!"

"ಶಾಬಾಸ್ ನನ್ನ ಮಗಳ!" ಅಪ್ಪ ಅಂಗಡಿಯವರಿಗೆಲ್ಲ ಕೂಗಿ ಹೇಳುವುದು ಕೇಳಿಸಿತು. "ಈಗೇನ್ ಮಾಡ್ತಿ?"

"ಮನೀಗ್ ಹೊಂಟೇನಿ. ಮೇಗನ್ ಊಟಕ್ಕ ಕಾಯಾಕತ್ತಾರ."

"ಮನೀಗೆ?" ಅಪ್ಪ ಕೇಳಿದ. ನಾನು ಏನಂದೆನೆಂದು ನನಗೂ ಆಗಲೇ ಹೊಳೆದದ್ದು. ತಿದ್ದಲು ಬಾಯಿ ತೆರೆದೆ. ಯಾವ ಪದ ಹಾಕಲಿ, ತಿಳಿಯಲಿಲ್ಲ.

"ಹುಷಾರಾಗಿ ಹೋಗವ್ವಾ ಮನೀಗೆ," ಅಂದ ಅಪ್ಪ.