ನರ್ಮದಾಬಾಯಿಯವರ ವಾಡೆಯ ಕಂಬಗಳು

ಸಂಕಪ್ಪ ಬಡಿಗೇರ ಧಾರವಾಡದ ಕಡೆಯವನು. ಪುಣೆಯ ಕಸಬಾ ಪೇಠೆಯಲ್ಲಿ ಇಪ್ಪತ್ತು ವರ್ಷ ಮರಗೆಲಸ ಮಾಡಿದ್ದ. ಹಳೆಯ ಕಂಬವನ್ನು ಬೆರಳ ಗೆಣ್ಣಿನಿಂದ ಬಡಿದು, ಅದಿನ್ನೆಷ್ಟು ವರ್ಷ ನಿಲ್ಲುತ್ತದೆಂದು ಹೇಳುವವನೆಂದು ಹೆಸರಾಗಿದ್ದ.

೧೯೩೧ರ ಬೇಸಿಗೆಯಲ್ಲಿ ಮಾರ್ತಾಂಡರಾಯರು ಅವನನ್ನು ತಮ್ಮ ವಾಡೆಗೆ ಕರೆಸಿದರು. ಪೇಶ್ವೆಗಳ ಕಾಲದ, ಎರಡು ಅಂಗಳದ ಮನೆ. ಅದನ್ನು ಕೆಡವಿ ಸಾಲುಕೋಣೆಗಳ ಬಾಡಿಗೆಯ ಚಾಳು ಕಟ್ಟಿಸುವುದು ರಾಯರ ಆಸೆ. ಆದರೆ ಅರ್ಧ ಮನೆ ವಿಧವೆ ಅತ್ತಿಗೆ ನರ್ಮದಾಬಾಯಿಯವರ ಪಾಲಿಗೆ ಬಂದಿತ್ತು. ಅವರು ಕೆಡವುವ ಕಾಗದಕ್ಕೆ ಸಹಿ ಹಾಕಲು ಒಪ್ಪಿರಲಿಲ್ಲ. ಕಂಬಗಳಿಗೆ ಗೆದ್ದಲು ಹತ್ತಿದೆ ಎಂದುಬಿಟ್ಟರೆ ಚಾಳಿನ ಮರಗೆಲಸವೆಲ್ಲ ನಿನ್ನದೇ ಎಂದು ರಾಯರು ಸಂಕಪ್ಪನಿಗೆ ಮರಾಠಿಯಲ್ಲಿ ಮೆಲ್ಲಗೆ ಹೇಳಿದರು.

ಸಂಕಪ್ಪ ಒಂದೊಂದೇ ಕಂಬ ಬಡಿದು ನೋಡಿದ. ಎಲ್ಲವೂ ಗಟ್ಟಿ ಸಾಗವಾನಿ.

ನರ್ಮದಾಬಾಯಿಯವರ ತವರು ಬೆಳಗಾವಿ. ತಾವೇ ಮಜ್ಜಿಗೆ ತಂದುಕೊಟ್ಟು ಕೇಳಿದರು: "ಕಂಬ ಹ್ಯಾಂಗ ಅದಾವ ಸಂಕಪ್ಪಾ? ನಮ್ಮ ಕಡೆಯಾಂವ ನೀ. ನಿನ್ನ ಮಾತಿನ ಮ್ಯಾಲೆ ಸಹಿ ಮಾಡ್ತೀನಿ."

"ಒಳಗ ಟೊಳ್ಳಾಗ್ಯಾವ್ರಿ ಬಾಯಾರ," ಎಂದ, ಲೋಟದೊಳಗೆ ನೋಡುತ್ತ.

ಅವರು ಸಹಿ ಹಾಕಿದರು.

ಮುಂದಿನ ಅಂಗಳ ಕೆಡವುವ ದಿನ ಮೊದಲ ಕಂಬಕ್ಕೆ ಹಚ್ಚಿದ ಗರಗಸ ಇಳಿಯಲೇ ಒಲ್ಲದು. ಮಧ್ಯಾಹ್ನಕ್ಕೆ ಕಂಬ ಉರುಳಿತು. ಕೊಯ್ದ ಜಾಗ ಜೇನಿನ ಬಣ್ಣಕ್ಕಿತ್ತು. ಒಂದು ತೂತೂ ಇರಲಿಲ್ಲ. ನರ್ಮದಾಬಾಯಿಯವರು ಬಾಗಿ ಅದರ ಮೇಲೆ ಅಂಗೈ ಆಡಿಸಿ ಒಳಗೆ ಹೋದರು. ಕೂಲಿಯವರು ಸಂಕಪ್ಪನ ಮುಖ ನೋಡಲಿಲ್ಲ. ಅವನಿಗೆ ನೆಲ ಬಾಯಿಬಿಡಬಾರದೇ ಅನ್ನಿಸಿತು. ಆದರೂ ಮತ್ತೆ ಮೂರು ದಿನ ಕೆಡವುತ್ತಲೇ ಹೋದ.

ನಾಲ್ಕನೆಯ ದಿನ ಕೈ ಏಳಲಿಲ್ಲ. ನರ್ಮದಾಬಾಯಿಯವರಿದ್ದ ಹಿಂದಿನ ಅಂಗಳಕ್ಕೆ ಹೋಗಿ ನಿಂತ.

"ಸುಳ್ಳ ಹೇಳೀನ್ರಿ ಬಾಯಾರ. ಕೆಲಸದ ಆಸೇಕ."

"ಗೊತ್ತಾತು. ನಾ ದಾವೆ ಹಾಕ್ತೀನಿ. ಕೋರ್ಟಿನ್ಯಾಗ ಹೇಳ್ತೀಯೇನು?"

ಹೇಳಿದ. ತುಂಬಿದ ಕೋರ್ಟಿನಲ್ಲಿ, ತಡವರಿಸುವ ಮರಾಠಿಯಲ್ಲಿ. ಕೆಡವುವುದು ನಿಂತಿತು, ಹಿಂದಿನ ಅಂಗಳ ಉಳಿಯಿತು. ಪೇಠೆಯಲ್ಲಿ ಅವನಿಗೆ 'ಸುಳ್ಳ ಬಡಿಗ್ಯಾ' ಎಂಬ ಹೆಸರು ಬಿತ್ತು. ಕಂಬ ನೋಡಲು ಯಾರೂ ಕರೆಯದಾದರು.

ಪ್ರತಿವರ್ಷ ಮಳೆಗಾಲಕ್ಕೆ ಮೊದಲು ಅವನೇ ಹೋಗಿ ಆ ವಾಡೆಯ ತೊಲೆ, ಜಂತಿಗಳನ್ನು ದುರಸ್ತಿ ಮಾಡಿ ಎಣ್ಣೆ ಹಚ್ಚುತ್ತಿದ್ದ. ನರ್ಮದಾಬಾಯಿಯವರು ಬೇಡವೆನ್ನಲಿಲ್ಲ, ಮಜ್ಜಿಗೆಯನ್ನೂ ಕೊಡುತ್ತಿದ್ದರು. ಆದರೆ ಕೆಲಸ ಮುಗಿದ ಮೇಲೆ ಇನ್ನೊಬ್ಬ ಬಡಿಗನನ್ನು ಕರೆಸಿ, ಒಂದೊಂದು ತೊಲೆಯನ್ನೂ ಅವನಿಂದ ಬಡಿದು ನೋಡಿಸುತ್ತಿದ್ದರು. ಅಷ್ಟು ಹೊತ್ತೂ ಸಂಕಪ್ಪ ಟೋಪಿ ಕೈಯಲ್ಲಿ ಹಿಡಿದು ಬಾಗಿಲ ಬಳಿ ನಿಂತಿರುತ್ತಿದ್ದ.