ಮೈಕಿಗೆ ಮೆತ್ತಿದ ಜೋಳದ ಹಿಟ್ಟು

ಇಂದು ಬೆಳಿಗ್ಗೆ ಟ್ರಂಕಿನ ತಳದಲ್ಲಿ ಹಳೆಯ ಮೈಕೊಂದು ಸಿಕ್ಕಿತು. ಗುಲಾಬಿ ಬಣ್ಣದ ಪಿನ್ನು. ತುದಿಯ ಸ್ಪಂಜಿನಲ್ಲಿ ಗಟ್ಟಿಯಾಗಿ ಕುಳಿತ ಜೋಳದ ಹಿಟ್ಟು. ಎರಡು ಆಧಾರಗಳನ್ನು ಹೋಲಿಸದೆ ನಾನು ಯಾವ ಇಸವಿಯನ್ನೂ ಬರೆದವನಲ್ಲ. ಆದರೆ ಈ ಹಿಟ್ಟಿನ ಕಾಲ, ಓದುಗರೇ, ಎರಡು ಸಾವಿರದ ನಂತರದ ಮೊದಲ ದಶಕ ಎಂಬುದಕ್ಕಿಂತ ಹೆಚ್ಚಿನದನ್ನು ಹೇಳಲಾರೆ.

ಬೈಲಹೊಂಗಲದ ನಮ್ಮ ಮನೆಗೆ ಆಗ ಮುರಗೋಡದಿಂದ ಚಿಗವ್ವ ಬಂದಿದ್ದಳು, ನನ್ನ ತಾಯಿಯ ತಂಗಿ. ಅವಳ ಬೀಸುವ ಹಾಡಿನ ಕೊನೆಗೆ ಅವರಿಬ್ಬರ ತವರಿನ ಹೆಣ್ಣುಮಕ್ಕಳ ಹೆಸರುಗಳು ಸಾಲಾಗಿ ಬರುತ್ತಿದ್ದವು. ಆ ಮನೆತನದ ಗಂಡಸರು ಹೊಲದ ಉತಾರದ ಕಾಗದಗಳಲ್ಲಿದ್ದಾರೆ. ಹೆಂಗಸರು ಇದ್ದದ್ದು ಆ ಹಾಡಿನಲ್ಲಿ ಮಾತ್ರ. ಅದನ್ನು ಬಲ್ಲವಳು ಚಿಗವ್ವನೊಬ್ಬಳೇ. ಮಧ್ಯಾಹ್ನದ ಬಸ್ಸಿಗೆ ಅವಳು ಹೊರಡುವ ಮೊದಲು ಅದನ್ನು ಕಂಪ್ಯೂಟರಿನಲ್ಲಿ ಹಿಡಿಯಬೇಕಿತ್ತು.

"ಬೀಸಲಾರದ ಹ್ಯಾಂಗ ಹಾಡ್ಲಿ ತಮ್ಮಾ? ಅದೇನ ಭಜನಿ ಪದ ಏನ?"

ಮೈಕಿನ ವೈರು ಗಿಡ್ಡ. ಆದ್ದರಿಂದ ಬೀಸುಕಲ್ಲೇ ಗೋಣಿತಟ್ಟಿನ ಮೇಲೆ ಕುಳಿತು ಕಂಪ್ಯೂಟರಿನ ಬಳಿಗೆ ಬಂತು.

ನನ್ನ ಕಂಪ್ಯೂಟರಿನ ತಂತ್ರಾಂಶ ಲಿನಕ್ಸ್. ಪುಕ್ಕಟೆ ದೊರೆತದ್ದನ್ನು ಸಿದ್ಧಾಂತವೆಂದು ಕರೆಯುವ ಅನುಕೂಲ ವಿದ್ವಾಂಸರಿಗುಂಟು. ಧ್ವನಿಯ ಕಿಟಕಿಯಲ್ಲಿ ಮೈಕಿನ ದನಿ ಏರಿಸುವ ಪಟ್ಟಿಯನ್ನು ಮೇಲಕ್ಕೆಳೆದೆ. ಚಿಗವ್ವನ ದನಿ ಸ್ಪೀಕರಿನಲ್ಲಿ ಮೊಳಗಿತು. ಹಾಡು ಮುಗಿಯಿತು, ಹೆಸರುಗಳೂ ಬಂದವು. ಕಡತವನ್ನು ತೆರೆದರೆ ಶುದ್ಧ ಮೌನ. ಆ ಪಟ್ಟಿ ದನಿಯನ್ನು ಸ್ಪೀಕರಿಗೆ ಕಳಿಸುವುದಷ್ಟೇ. ರೆಕಾರ್ಡಿಂಗಿನ ಮೂಲವನ್ನು ಬೇರೆ ಕಡೆ ಆರಿಸಬೇಕು, ಅಲ್ಲಿ ಮೈಕಿನ ಬದಲು ಸಿ.ಡಿ. ಎಂದಿತ್ತು. ಕೇಳಿದ್ದೆಲ್ಲ ದಾಖಲೆಯಲ್ಲವೆಂದು ಇತರರ ಪ್ರಬಂಧಗಳ ಮೇಲೆ ಕೆಂಪು ಶಾಯಿಯಲ್ಲಿ ಬರೆಯುತ್ತಾ ಬಂದವನು ನಾನು.

ಮೂಲವನ್ನು ಮೈಕಿಗೆ ಬದಲಿಸಿ, "ಇನ್ನೊಮ್ಮಿ ಹಾಡವಾ" ಎಂದೆ.

"ಬೀಸಿದ ಹಿಟ್ಟ ಮತ್ತ ಬೀಸ್ತಾರೇನೋ? ಜ್ವಾಳ ತರಸು."

ನನ್ನ ಹೆಂಡತಿ ಶಾಂತಾ ಡಬ್ಬಿ ಬಗ್ಗಿಸಿದಳು. "ಇದ ಕಡೀ ಬೊಗಸಿ ನೋಡ್ರಿ. ಬೇಕಾದ್ರ ಗೋದಿ ಅದಾವ."

"ಜ್ವಾಳದ ಹಾಡಿಗಿ ಗೋದಿ ಒಗ್ಗೂದಿಲ್ಲವಾ" ಎನ್ನುತ್ತ ಚಿಗವ್ವ ಮತ್ತೆ ಕುಳಿತಳು.

ಈ ಸಲ ಪರದೆಯ ಮೇಲೆ ಅಲೆಗಳು ಎದ್ದವು. ಆದರೆ ಹೆಸರುಗಳು ಬರುವ ಮೊದಲೇ ಜೋಳ ಮುಗಿಯಿತು. ಬರಿಗಲ್ಲು ತಿರುವುವುದು ನಮ್ಮಲ್ಲಿ ನಿಷಿದ್ಧ. ಅವಳ ಕೈ ನಿಂತಿತು. ಬಸ್ಸಿನ ಹೊತ್ತು ಬೇರೆ ಆಗಿತ್ತು. ಚಿಗವ್ವ ನನ್ನ ಮುಖವನ್ನೊಮ್ಮೆ ನೋಡಿ, ಬೀಸಿದ ಹಿಟ್ಟನ್ನೇ ಮುಷ್ಟಿ ತುಂಬ ಎತ್ತಿ ಕಲ್ಲಿನ ಬಾಯಿಗೆ ಸುರಿದಳು.

"ಬೀಸಿದ್ದು ಬೀಸಬಾರದಂದೆಲ್ಲವಾ?" ಎಂದೆ.

"ನಿನ್ನ ಈ ಕಂಪ್ಯೂಟರ ಡಬ್ಬಿ ಮುಂದ ನನ್ನ ಶಾಸ್ತ್ರ ಏನ ನಡೀತೈತಿ? ಸುಮ್ಮ ಕುಂಡ್ರು."

ಆಮೇಲೆ ಅವಳು ನಮ್ಮ ಮನೆಗೆ ಬರುವುದಾಗಲಿಲ್ಲ.

ಯಂತ್ರದಿಂದ ಯಂತ್ರಕ್ಕೆ ಸಾಗಿಸುತ್ತ ಬಂದ ಆ ಕಡತವನ್ನು ಈಗ ತೆರೆದಿದ್ದೇನೆ. ಅದರ ಮೇಲಿರುವ ಇಸವಿ, ಆ ಕಂಪ್ಯೂಟರನ್ನು ಕೊಳ್ಳುವುದಕ್ಕೂ ಹಿಂದಿನದು. ಆಗ ಅದರ ಒಳಗಿನ ಗಡಿಯಾರದ ಬ್ಯಾಟರಿ ಸತ್ತಿತ್ತು. ಇಂದಾದರೂ ತಿದ್ದೋಣವೆಂದು ಕೈಯಿಟ್ಟಾಗಲೇ ಹಾಡು ಶುರುವಾಯಿತು. ಮೊದಲರ್ಧದಲ್ಲಿ ಜೋಳದ ಗರಗರಕ್ಕೆ ಒಂದು ನುಡಿಯೂ ತಿಳಿಯದು. ಬಳಿಕ ಕಲ್ಲಿನ ಸದ್ದು ತಟ್ಟನೆ ಮೆತ್ತಗಾಗುತ್ತದೆ. ಹಿಟ್ಟು ಬಿದ್ದ ಕಲ್ಲು ಗದ್ದಲ ಮಾಡುವುದಿಲ್ಲ. ಗಂಗವ್ವ, ಬಾಳವ್ವ, ಕಲ್ಲವ್ವ, ಒಂದೊಂದೂ ಸ್ಪಷ್ಟ.

"ಈಗ ಬಂದ್ ಮಾಡಬ್ಯಾಡ್ರಿ," ಅಡುಗೆಮನೆಯಿಂದ ಶಾಂತಾ ಕೂಗಿದಳು. "ಕಡೀಕ ಜ್ವಾಳ ಕೊಟ್ಟಾಕಿ ಅಂತ ನನ್ನ ಹೆಸರ ಬರತೈತಿ."

ಇಸವಿಯ ಮೇಲಿದ್ದ ಕೈ ತೆಗೆದು ಸದ್ದು ಹೆಚ್ಚಿಸಿದೆ.