ಕಾವಲ್ ರಸ್ತೆಯ ಹಗಲು ದೀಪ

ಚಳ್ಳಕೆರೆಯ ಬಳ್ಳಾರಿ ರಸ್ತೆಯಲ್ಲಿ ಟೀ ಅಂಗಡಿಯ ಒಲೆಯೂ ಇನ್ನೂ ಹೊತ್ತಿಲ್ಲ. ತಮ್ಮ ತಗಡಿನ ರಿಪೇರಿ ಶೆಡ್ಡಿನ ಮುಂದೆ ಗೋಣಿಚೀಲ ಹಾಸಿ, ಅಂಗಾತ ಮಲಗಿ, ಅರ್ಧ ಮೈಯನ್ನು ಬಿಳಿ ಬಣ್ಣದ ಸಣ್ಣ ಕಾರಿನ ಕೆಳಗೆ ತೂರಿಸಿಕೊಂಡು ಪಾತಣ್ಣ ಒಂದೊಂದೇ ತಂತಿ ಜಗ್ಗಿ ನೋಡುತ್ತಿದ್ದಾರೆ. ಬಾಯಲ್ಲಿ ಟಾರ್ಚು, ಕೈಯಲ್ಲಿ ಎರಡು ತಂತಿಗೆ ಕಟ್ಟಿದ ಪುಟ್ಟ ಬಲ್ಬು. ಕರೆಂಟು ಎಲ್ಲಿವರೆಗೆ ಬಂದಿದೆ, ಎಲ್ಲಿ ನಿಂತಿದೆ ಎಂದು ನಾಡಿ ಹಿಡಿದು ಹೇಳುವ ಅವರ ಸಲಕರಣೆ ಅದೊಂದೇ. ಕಾರಿನ ಮೂತಿಯ ಮೇಲೆ ಎರಡು ಚಿಕ್ಕ ದೀಪಗಳು ಚೆನ್ನಾಗಿಯೇ ಉರಿಯುತ್ತಿವೆ. ತಲೆನೋವು ಇರುವುದೇ ಅಲ್ಲಿ. ಶೆಡ್ಡಿನಲ್ಲಿ ಉರಿಯುವ ದೀಪ ರಸ್ತೆಯಲ್ಲಿ ಕೈಕೊಡುತ್ತದೆ.

"ಡಾಕ್ಟ್ರ ಮುಂದೆ ಕೂತ ಕೂಡ್ಲೇ ಹಲ್ಲುನೋವು ನಿಲ್ತೈತಲ್ಲ, ಹಂಗೆ" ಎಂದು ಪಾತಣ್ಣ ನಗಲು ನೋಡುತ್ತಾರೆ. ನಗು ಬರುವುದಿಲ್ಲ. ಹೋದ ವಾರ ಇದೇ ಕಾರು ಅವರ ಹೆಂಡತಿ ಚಿಕ್ಕಕ್ಕನ ಕಂಬಳಿಯ ಅಂಚನ್ನು ಚಕ್ರಕ್ಕೆ ಸಿಕ್ಕಿಸಿಕೊಂಡು ಎಳೆದಿದೆ. ಎರಡು ಕುರಿಮರಿ ಸತ್ತಿವೆ. ಇನ್ನೊಂದು ಗೇಣು ಈಚೆಗೆ ಬಂದಿದ್ದರೆ ಆಕೆ ಈಗ ಶೆಡ್ಡಿನ ಕಟ್ಟೆಯ ಮೇಲೆ ಕೂತು ಎಲೆ ಅಡಿಕೆ ಹಾಕುತ್ತಿರಲಿಲ್ಲ.

ಚಿಕ್ಕಕ್ಕನಿಗೆ ಕಿವಿ ಕೇಳುವುದಿಲ್ಲ. ಎರಡನೇ ಹೆರಿಗೆಯ ಬೆನ್ನಿಗೇ ಬಂದ ಜ್ವರ ಹೋಗುವಾಗ ಕಿವಿಯನ್ನೂ ತೆಗೆದುಕೊಂಡು ಹೋಯಿತು. ಮಾತು ಉಳಿಯಿತು, ಖಾರವೂ ಉಳಿಯಿತು. ಎದುರು ನಿಂತು ಆಡಿದರೆ ತುಟಿ ನೋಡಿ ತಿಳಿದುಕೊಳ್ಳುತ್ತಾರೆ. ಉಳ್ಳಾರ್ತಿ ಕಾವಲ್ ಎಂಬ ಹುಲ್ಲುಗಾವಲಿನ ಅಂಚಿನ ಹಟ್ಟಿಯಿಂದ ದಿನಾ ಹಿಂಡು ಹೊಡೆದುಕೊಂಡು ಕಾವಲ್ ರಸ್ತೆ ದಾಟದೆ ವಿಧಿಯಿಲ್ಲ, ಮೇವಿರುವುದು ಆಚೆ ಕಡೆ. ಆಷಾಢದ ಗಾಳಿ ಎದ್ದರೆ ಕೆಂಪು ಧೂಳಿನಲ್ಲಿ ಮಾರು ದೂರದ ಬಸ್ಸೂ ಕಾಣುವುದಿಲ್ಲ. "ಕಿವಿ ಹೋತು ಅಂತ ಕುರಿನ ಉಪಾಸ ಕೆಡವಕ್ಕಾಗ್ತೈತಾ?" ಎಂದು ಆಕೆ ಕೇಳುತ್ತಾರೆ.

ಪಾತಣ್ಣನೂ ಕುರಿ ಕಾಯುವವರ ಮಗನೇ. ಮೀಸೆ ಮೂಡುವ ಮೊದಲೇ ಲಾರಿ ಗ್ಯಾರೇಜು ಸೇರಿ, ಅಲ್ಲಿನ ಉಸ್ತಾದರ ಬೈಗುಳ ತಿಂದು ವೈರಿಂಗ್ ಕಲಿತವರು. ಹೆಂಡತಿಗೆ ಕಿವಿ ಹೋದ ವರ್ಷ ಒಂದು ಬಸ್ಸು ಆಕೆಯನ್ನು ಸವರಿಕೊಂಡು ಹೋಯಿತು. ಕೇಳಿಸದವಳಿಗೆ ಕಾಣಿಸಬೇಕು ಎಂದು ಆಗ ಅವರಿಗೆ ಹೊಳೆಯಿತು. ಗುಜರಿ ಲಾರಿಗಳ ಬಲ್ಬು ಕಿತ್ತು ತಂದರು. ಕೀಲಿ ತಿರುಗಿಸಿದೊಡನೆ ತಾನಾಗಿ ಹೊತ್ತಿಕೊಂಡು, ಹಗಲಿಡೀ ಉರಿಯುವ ಹಾಗೆ ಆ ಬಸ್ಸಿಗೆ ಎರಡು ದೀಪ ಕೂರಿಸಿದರು. ಆಮೇಲೆ ಹಾಲಿನ ಟೆಂಪೊ, ಶೇಂಗಾ ಲಾರಿ, ಟ್ರ್ಯಾಕ್ಟರು, ನರ್ಸಮ್ಮನ ಮೊಪೆಡ್ಡು. ಈಗ ಆ ರಸ್ತೆಯಲ್ಲಿ ನಿತ್ಯ ಓಡಾಡುವ ಇಪ್ಪತ್ತಕ್ಕೂ ಹೆಚ್ಚು ಗಾಡಿಗಳ ಮೂತಿಯಲ್ಲಿ ಪಾತಣ್ಣನ ದೀಪವಿದೆ, ಬಿಟ್ಟಿಯಾಗಿ. ಮೊದಮೊದಲು ಜನ ಆಡಿಕೊಂಡರು. "ಹೆಂಡ್ತಿಗೆ ಹಗಲು ದೀವಟಿಗೆ ಸೇವೆ ಮಾಡ್ತಾನೆ ಅಂತಿದ್ರು. ಹೌದು, ಮಾಡ್ತೀನಿ ಅಂದೆ" ಎನ್ನುತ್ತಾರೆ ಪಾತಣ್ಣ.

ಇಷ್ಟು ಗಾಡಿಗಳಲ್ಲಿ ಕೈಕೊಟ್ಟಿದ್ದು ಈ ಕಾರು ಮಾತ್ರ. ಇದರ ಯಜಮಾನರು ಶೇಂಗಾ ವ್ಯಾಪಾರದ ಶಾಂತವೀರಪ್ಪ. ಹೊಲಕ್ಕೆ ತಾವೇ ಓಡಿಸಿಕೊಂಡು ಹೋಗುವ, ಇರುವೆಗೂ ದಾರಿ ಬಿಡುವ ಜೀವ. ಅವರೂ ಬೆಳಗ್ಗೆಯೇ ಬಂದು ಕಟ್ಟೆಯ ಇನ್ನೊಂದು ತುದಿಯಲ್ಲಿ ತಲೆ ತಗ್ಗಿಸಿ ಕೂತಿದ್ದಾರೆ. "ಸುಮ್ನೆ ಬರಲಿಲ್ಲ ಪಾತಣ್ಣ. ಹಿಂಡು ಕಂಡ ಕೂಡ್ಲೇ ಹಾರನ್ ಒತ್ತಿದೋನು ಕೈ ತೆಗೀಲೇ ಇಲ್ಲ. ದೀಪ ಉರೀತಿತ್ತೋ ಇಲ್ವೋ, ಒಳಗೆ ಕೂತೋನಿಗೆ ಹಗಲೊತ್ತು ಏನ್ ಕಾಣ್ತೈತೆ?"

ಪಾತಣ್ಣ ಫ್ಯೂಸ್ ತೆಗೆದು ಹಾಕುತ್ತಾರೆ. ಬಲ್ಬು ಬದಲಾಯಿಸುತ್ತಾರೆ. ಇಂಜಿನ್ ಓಡಿಸಿ, ಕಾರನ್ನು ಉಯ್ಯಾಲೆಯ ಹಾಗೆ ಅಲುಗಾಡಿಸುತ್ತಾರೆ. ದೀಪ ಮಿಸುಕುವುದಿಲ್ಲ. ಹೊತ್ತು ಏರುತ್ತಿದೆ, ಹಟ್ಟಿಯಲ್ಲಿ ಹಿಂಡು ಕಾಯುತ್ತಿದೆ. ಇವತ್ತೂ ಚಿಕ್ಕಕ್ಕ ಅದೇ ರಸ್ತೆ ದಾಟಬೇಕು. ಇನ್ನೇನೂ ಉಳಿದಿಲ್ಲ ಎಂದಾಗ ಪಾತಣ್ಣ ಎದ್ದು, ಕೈ ಒರೆಸಿಕೊಂಡು, ಹೆಂಡತಿಯ ಎದುರು ಕುಕ್ಕರಗಾಲಲ್ಲಿ ಕೂರುತ್ತಾರೆ. "ಅವತ್ತು ನೀನು ಏನ್ ಕಂಡೆ? ಒಂದೂ ಬಿಡದಂಗೆ ಹೇಳು."

"ದೂರದಾಗೆ ದೀಪ ಉರೀತಿತ್ತು. ಆಮೇಲೆ ಕಣ್ಣು ಮುಚ್ತು. ಶಾಂತವೀರಪ್ನೋರು ಹೊಲದ ಕಡೆ ತಿರುಗಿದ್ರು ಅಂದ್ಕಂಡು ಕುರಿ ಬಿಟ್ಟೆ. ಧೂಳೊಳಗಿಂದ ಮೈಮೇಲೆ ಬಂದ್ರು. ಹಿಂಗೆ ಒತ್ತಿಕ್ಕಂಡಿದ್ರು." ಚಿಕ್ಕಕ್ಕ ಅಂಗೈಯನ್ನು ಗಂಡನ ಎದೆಯ ನಡುವೆ ಇಟ್ಟು ಒತ್ತುತ್ತಾರೆ. ಆಮೇಲೆ ತೆಗೆಯುತ್ತಾರೆ. "ಕೈ ತೆಗೆದ್ರು, ದೀಪ ಕಣ್ಣು ಬಿಡ್ತು."

ಹಾರನ್ ಎಂಬುದು ಆಕೆಯ ಪಾಲಿಗೆ ಲೋಕದಲ್ಲೇ ಇಲ್ಲ. ಕಂಡದ್ದು ಅಂಗೈ ಮಾತ್ರ. ಚಕ್ರ ಕಂಬಳಿ ಎಳೆಯುತ್ತಿರುವ ಗಳಿಗೆಯಲ್ಲೂ ಅಂಗೈಯನ್ನೂ ದೀಪವನ್ನೂ ಒಟ್ಟಿಗೆ ನೋಡಿದ ಆ ಕಣ್ಣಿಗೆ ಏನೆನ್ನಬೇಕೋ ತಿಳಿಯದು. ಪಾತಣ್ಣ ಎದ್ದು ಕಾರಿನ ಬಳಿ ಹೋಗುತ್ತಾರೆ. ಕಿಟಕಿಯಿಂದ ಕೈ ಹಾಕಿ ಸ್ಟೀರಿಂಗಿನ ನಡುವೆ ಒತ್ತುತ್ತಾರೆ. ಹಾರನ್ ಗಂಟಲು ಕಟ್ಟಿದವರಂತೆ ಕೂಗುತ್ತದೆ. ಮುಂದಿನ ಎರಡೂ ದೀಪ ಆರುತ್ತವೆ. ಕೈ ತೆಗೆದರೆ ಹತ್ತುತ್ತವೆ. ಶೆಡ್ಡಿನಲ್ಲಿ ನಿಂತ ಗಾಡಿಯ ಹಾರನ್ ಯಾರೂ ಒತ್ತುವುದಿಲ್ಲ, ಹಾಗಾಗಿ ಯಾರಿಗೂ ಗೊತ್ತಾಗಿಲ್ಲ.

ಬೇಲಿಯೇ ಎದ್ದು ಹೊಲ ಮೇದಿದೆ. ಮಳೆಗಾಲಕ್ಕೆ ಮುಂಚೆ ಶಾಂತವೀರಪ್ಪ, ಕುರಿಗಳಿಗೆ ಚೆನ್ನಾಗಿ ಕೇಳಿಸಲಿ ಎಂದು, ಜೋರು ದನಿಯ ಜೋಡಿ ಹಾರನ್ ಹಾಕಿಸಿದ್ದರು. ಕರೆಂಟು ಬ್ಯಾಟರಿಗೆ ವಾಪಸು ಹೋಗಲು ದೀಪಕ್ಕೆ ಒಂದು ಬೋಲ್ಟು ಇತ್ತು, ಹಾರನ್ನಿನ ತಂತಿಯನ್ನೂ ಅದೇ ಬೋಲ್ಟಿಗೆ ಬಿಗಿಯಲಾಗಿದೆ. ಅಡಿಯಲ್ಲಿ ತುಕ್ಕು ಹಿಡಿದಿದೆ. ಹಾರನ್ ಒತ್ತಿದರೆ ಇಕ್ಕಟ್ಟಾದ ದಾರಿಯನ್ನೆಲ್ಲ ಅದೇ ಹಿಡಿದುಕೊಳ್ಳುತ್ತದೆ, ದೀಪಕ್ಕೆ ದಾರಿಯಿಲ್ಲ. "ಬಿಗಿದಿದ್ದು ಬ್ಯಾರೆ ಯಾರೂ ಅಲ್ಲ" ಎನ್ನುವಾಗ ಪಾತಣ್ಣನ ದನಿ ಇಳಿಯುತ್ತದೆ. "ಇದೇ ಕೈ. ಜಾಗ ಐತಲ್ಲ ಅಂತ ಬಿಗಿದೆ." ಉಪ್ಪುಕಾಗದದಲ್ಲಿ ತುಕ್ಕು ಉಜ್ಜಿ, ದೀಪಕ್ಕೆ ಬೇರೆ ತಂತಿ ಎಳೆದು ನೇರ ಬ್ಯಾಟರಿಗೇ ಸೇರಿಸುತ್ತಾರೆ.

ಪರೀಕ್ಷೆ ನಡೆಯುವುದು ಕಾವಲ್ ರಸ್ತೆಯಲ್ಲೇ. ಗಾಳಿ ಎದ್ದಿದೆ. ಚಿಕ್ಕಕ್ಕ ಹಿಂಡಿನ ಮುಂದೆ ರಸ್ತೆಯಂಚಿಗೆ ನಿಂತಿದ್ದಾರೆ, ಪಾತಣ್ಣ ಪಕ್ಕದಲ್ಲಿ. ದಿಣ್ಣೆಯ ಆಚೆಯಿಂದ ಶಾಂತವೀರಪ್ಪ ಹಾರನ್ ಮೇಲಿಟ್ಟ ಕೈ ತೆಗೆಯದೆ ಬರುತ್ತಾರೆ. ಧೂಳಿನ ಗೋಡೆಯೊಳಗೆ ಎರಡು ಚುಕ್ಕಿ ಮೂಡುತ್ತವೆ, ದೊಡ್ಡದಾಗುತ್ತವೆ, ಆರುವುದಿಲ್ಲ. ಚಿಕ್ಕಕ್ಕ ಮುಂದಿನ ಟಗರಿಗೆ ಕೋಲು ಅಡ್ಡ ಹಿಡಿಯುತ್ತಾರೆ. ಹಿಂಡು ನಿಲ್ಲುತ್ತದೆ. ಕಾರು ಹಾದುಹೋಗುತ್ತದೆ. ಪಾತಣ್ಣ ಅಲ್ಲೇ ಕಲ್ಲಿನ ಮೇಲೆ ಕೂತು, ಟವೆಲಿನಿಂದ ಮುಖ ಮುಚ್ಚಿಕೊಳ್ಳುತ್ತಾರೆ.

ಇಳಿದು ಬಂದ ಶಾಂತವೀರಪ್ಪನವರದು ಒಂದೇ ಮಾತು. "ನಾನು ಒತ್ತುತಿದ್ದಿದ್ದು ನನ್ನ ಧೈರ್ಯಕ್ಕೆ ಕಣಪ್ಪ. ಈಯಮ್ಮನ ದೀಪ ಆರಿಸ್ತಿದ್ದೆ."

ಆಸೆ ಏನಾದರೂ ಇದೆಯೇ ಎಂದು ಅವರು ಕೇಳಿದರೆ ಪಾತಣ್ಣ ಟವೆಲು ಕೊಡವಿ ಯೋಚಿಸುತ್ತಾರೆ. "ಮುಂದೆ ಬರೋ ಗಾಡಿಗಳೆಲ್ಲ ಕಂಪ್ನಿಯಿಂದ್ಲೇ ಹಗಲು ದೀಪ ಹಚ್ಕಂಡು ಬರ್ಬೇಕು. ನನ್ನ ಶೆಡ್ಡು ಮುಚ್ಚಿದ್ರೆ ಮುಚ್ಲಿ."

ಚಿಕ್ಕಕ್ಕ ಗಂಡನ ತುಟಿಯನ್ನೇ ನೋಡುತ್ತಿದ್ದಾರೆ. ಹಿಂಡನ್ನು ರಸ್ತೆಗೆ ಬಿಟ್ಟು, ತಿರುಗದೆಯೇ ಹೇಳುತ್ತಾರೆ. "ಮುಚ್ಚಿ ಬಾ. ನನ್ನ ಬೆನ್ನ ಕಡೆ ನೋಡಕೆ ಒಬ್ರು ಬೇಕು. ಅಲ್ಲೀಗಂಟ ದೀಪ ಸಾಕು."